ಮೈಸೂರಿನ ಫಟಫಟಿ ನಿಂತದ್ದು ಯಾಕೆ?

ಮರೋಳ, ಹುನಗುಂದ, ಇಳಕಲ್ ಕಡೆ ಐವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ಯೆಜ್ಡಿ ಗಾಡಿ ಯಾಕೆ ಬಂದಾತು ಅಂತ. ಉತ್ತರಕ್ಕೆ ತಡವಿಲ್ಲ: "ಪೆಟ್ರೋಲ್ ಭಾಳ ಕುಡೀತಿತ್ರಿ." ಇದೇ ಮಾತನ್ನು ಮೈಸೂರಿನಲ್ಲಿ ಎತ್ತಿದರೆ ಕಾರ್ಖಾನೆಯ ಗೇಟು, ಯೂನಿಯನ್ನು, ಆಡಳಿತದ ಜಗಳ ಹೊರಗೆ ಬರುತ್ತವೆ. ಹಳೆ ಗಾಡಿಗಳನ್ನು ತಿಕ್ಕಿ ತೊಳೆದು ಇಟ್ಟುಕೊಂಡ ಬೆಂಗಳೂರಿನ ಹವ್ಯಾಸಿಗಳು ಹೊಗೆ ನಿಯಮದತ್ತ ಕೈ ತೋರಿಸುತ್ತಾರೆ. ಅರ್ಥಶಾಸ್ತ್ರ ಓದಿದವರಿಗೆ ಇದು ಲೈಸೆನ್ಸ್ ಕಾಲದಲ್ಲಿ ನೆರಳಲ್ಲೇ ಬೆಳೆದ ಕಂಪನಿ ಬಿಸಿಲು ಬಿದ್ದಾಗ ಬಾಡಿದ ಕಥೆ.

ನಾಲ್ಕರಲ್ಲೂ ಹುರುಳಿದೆ. ಆದರೆ ಈ ವಾದದಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ. ಗಿರಾಕಿ ಯಾಕೆ ಬಿಟ್ಟುಹೋದ ಎಂಬುದು ಒಂದು. ಗಿರಾಕಿ ಹೋಗುತ್ತಿರುವುದು ಕಣ್ಣೆದುರೇ ಕಾಣುತ್ತಿದ್ದರೂ ಕಂಪನಿ ಹತ್ತು ವರ್ಷ ಯಾಕೆ ಮಗ್ಗುಲು ಬದಲಿಸಲಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದರಲ್ಲೇ ತಕರಾರು.

ಯಾದವಗಿರಿಯ ಕಾರ್ಖಾನೆ

ಯೆಜ್ಡಿಯ ಮೂಲವಾದ ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯದಲ್ಲಿ. ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವ್ಯವಹಾರವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳಿಗೆ ಅದರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದ. ಎರಡನೇ ಮಹಾಯುದ್ಧದ ನಂತರ ಕಂಪನಿ ಸರಕಾರದ ಪಾಲಾಯಿತು. ಅದರ 250 ಸಿಸಿಯ ಗಾಡಿಗಳು 1950ರ ದಶಕದಲ್ಲಿ ಮುಂಬಯಿಯ ಇರಾನಿ ಮನೆತನದ ಮೂಲಕ ಭಾರತಕ್ಕೆ ಬಂದವು. ಸಿದ್ಧ ಗಾಡಿ ತರಿಸುವುದಕ್ಕೆ ಸರಕಾರ ಕಡಿವಾಣ ಹಾಕಿದಾಗ, ಇಲ್ಲೇ ತಯಾರಿಸುವುದೊಂದೇ ದಾರಿಯಾಯಿತು. ರುಸ್ತುಂ ಮತ್ತು ಫರೂಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಕಾರ್ಖಾನೆಗೆ ಆರಿಸಿದ ಜಾಗ ಮೈಸೂರಿನ ಯಾದವಗಿರಿ, ರೈಲು ನಿಲ್ದಾಣದಿಂದ ಕೂಗಳತೆ. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರಗಳು ಬೆಂಗಳೂರಿನಲ್ಲಿ ತಯಾರಾಗತೊಡಗಿದ್ದೂ ಅದೇ ವರ್ಷ. ಈ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ.

1973ರ ಹೊತ್ತಿಗೆ ಚೆಕ್ ಕಂಪನಿಯ ಜೊತೆಗಿನ ಪರವಾನಗಿ ಒಪ್ಪಂದದ ಕಾಲ ಮುಗಿದು, ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು. ಒಳಗಿನ ಯಂತ್ರ ಹೆಚ್ಚು ಕಡಿಮೆ ಅದೇ. 1978ರಲ್ಲಿ ರೋಡ್‌ಕಿಂಗ್ ಬಂತು. ಆ ಹುಡುಗಾಟದ ಗಾಡಿಯೇ ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದು. ಎಣ್ಣೆಯನ್ನು ತಾನೇ ಬೆರೆಸಿಕೊಳ್ಳುವ ಆಯಿಲ್‌ಕಿಂಗ್, ಕ್ಲಾಸಿಕ್, ಡೀಲಕ್ಸ್, ಮೊನಾರ್ಕ್, ಒಂದು 175 ಸಿಸಿ, ಒಂದು 60 ಸಿಸಿಯ ಕೋಲ್ಟ್, ಹೀಗೆ ಹೆಸರುಗಳು ಹಲವು. ಆಗ ಮಾರುಕಟ್ಟೆಯಲ್ಲಿ ಮೋಟಾರ್‌ಸೈಕಲ್ ಅಂದರೆ ಮೂರೇ: ಮದ್ರಾಸಿನ ಎನ್‌ಫೀಲ್ಡ್ ಬುಲೆಟ್, ಎಸ್ಕಾರ್ಟ್ಸ್ ಕಂಪನಿಯ ಪೋಲಿಶ್ ಮೂಲದ ರಾಜ್‌ದೂತ್, ನಮ್ಮ ಮೈಸೂರಿನದು. ಉಳಿದ ದೇಶವೆಲ್ಲ ಬಜಾಜ್ ಸ್ಕೂಟರಿನ ಸರದಿಯಲ್ಲಿ ನಿಂತಿತ್ತು.

ನಮ್ಮ ಸೀಮೆಯಲ್ಲಿ ಯೆಜ್ಡಿ ದಲಾಲಿ ಅಂಗಡಿಯವರ, ಕಲ್ಲುಕ್ವಾರಿ ಗುತ್ತಿಗೆದಾರರ, ನಾಕು ಎಕರೆ ನೀರಾವರಿ ಇದ್ದ ಗೌಡರ ಮನೆಯ ಹಿರಿಮಗನ ಗಾಡಿ. ಹಿಂದಿನ ಸೀಟಿನ ಮೇಲೆ ಸೀರೆಗಂಟು ಕಟ್ಟಿಕೊಂಡು ಹಳ್ಳಿ ಸುತ್ತುವವರಿಗೂ ಒದಗುತ್ತಿತ್ತು. ಎರೆಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಮಡ್‌ಗಾರ್ಡಿನೊಳಗೆ ಕೆಸರು ಗಟ್ಟಿಯಾಗಿ ಗಾಲಿಯೇ ತಿರುಗದಿದ್ದಾಗ ಎಲ್ಲ ಗಾಡಿಗಳೂ ಒಂದೇ. ಒಣ ದಾರಿಯಲ್ಲಿ ಮಾತ್ರ ಇದರ ಎಳೆತಕ್ಕೆ ಸಾಟಿ ಇರಲಿಲ್ಲ.

ಬಿಚ್ಚಿಟ್ಟ ಎಂಜಿನ್ನು ಹೇಳುವುದು

ವಾದಗಳಿಗೆ ಹೋಗುವ ಮೊದಲು ಯಂತ್ರವನ್ನು ನೋಡಬೇಕು, ಯಾಕೆಂದರೆ ಅರ್ಧ ತಕರಾರು ಅದರೊಳಗೇ ಇದೆ. ಇಳಕಲ್ಲಿನಲ್ಲಿ ಇಂಥ ಗಾಡಿ ಕೈಗೆತ್ತಿಕೊಳ್ಳುವ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಅವರ ಅಂಗಡಿ ಮುಂದೆ ಗೋಣಿತಟ್ಟಿನ ಮೇಲೆ ಒಂದು ರೋಡ್‌ಕಿಂಗ್ ಎಂಜಿನ್ ಹರಡಿಕೊಂಡು ಕೂತಿತ್ತು. ಪಿಸ್ಟನ್, ಎರಡು ರಿಂಗು, ಸಿಲಿಂಡರ್, ಕ್ರ್ಯಾಂಕು. ಮುಗಿಯಿತು. ವಾಲ್ವ್ ಇಲ್ಲ, ಅದನ್ನು ಎತ್ತಿ ಇಳಿಸುವ ಸರಂಜಾಮಿಲ್ಲ. "ಇಷ್ಟ ನೋಡ್ರಿ ಇದರ ಸಂಸಾರ" ಅಂದರು. ಎಡಗಡೆಯ ಒಂದೇ ಲಿವರ್ ಕಿಕ್ಕೂ ಹೌದು, ಗೇರೂ ಹೌದು: ಒಳಗೆ ಒತ್ತಿ ಮೇಲೆತ್ತಿದರೆ ಕಿಕ್, ಗಾಡಿ ಚಾಲೂ ಆದ ಮೇಲೆ ಕೆಳಗಿಳಿಸಿದರೆ ಗೇರ್. ಕಾಲಿನಿಂದ ಗೇರ್ ಒತ್ತುವಾಗ ಕ್ಲಚ್ಚು ತಾನೇ ಬಿಡುವಂಥ ಏರ್ಪಾಡೂ ಅದರೊಳಗಿತ್ತು. ಅರವತ್ತರ ದಶಕಕ್ಕೆ ಇದು ಸಾಮಾನ್ಯ ಬುದ್ಧಿವಂತಿಕೆಯಲ್ಲ.

ಒಂದೇ ಸಿಲಿಂಡರು, ಆದರೆ ಎರಡು ಸೈಲೆನ್ಸರು. ಆ ಪುಟಪುಟ ಸದ್ದು ಹುಟ್ಟುತ್ತಿದ್ದದ್ದು ಅಲ್ಲಿ. ಪೆಟ್ರೋಲಿನ ಜೊತೆಗೇ ಎಣ್ಣೆ ಸುಡುವುದರಿಂದ ಸೈಲೆನ್ಸರಿನೊಳಗೆ ಕಿಟ್ಟ ಕಟ್ಟುತ್ತದೆ. ಕಿಟ್ಟ ಹೆಚ್ಚಾದರೆ ಗಾಡಿ ಉಬ್ಬಸ ಪಡುತ್ತದೆ. ಆಗ ಸೈಲೆನ್ಸರ್ ಬಿಚ್ಚಿ, ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಹಾಕಿ ಇಲ್ಲವೇ ಬೆಂಕಿಗೆ ಹಿಡಿದು, ಬಡಿದು ಕಿಟ್ಟ ಉದುರಿಸಬೇಕು. ಹಳ್ಳಿಯ ಮಿಸ್ತ್ರಿಗೆ ಇದೆಲ್ಲ ಎಡಗೈ ಕೆಲಸ. ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ ನಲವತ್ತು–ಐವತ್ತು ಮಿಲಿ ಎಣ್ಣೆ ಹಾಕಿಸಿ ಗಾಡಿ ಅಲ್ಲಾಡಿಸುವುದು ಸವಾರನ ನಿತ್ಯಕರ್ಮ.

ಈ ಸರಳತೆಯ ಬೆನ್ನಿಗೇ ಒಂದು ದೋಷವಿತ್ತು. ಇಂಥ ಎರಡು ಹೊಡೆತದ (ಟು–ಸ್ಟ್ರೋಕ್) ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್–ಗಾಳಿ ಒಳಗೆ ನುಗ್ಗುವ ಹೊತ್ತಿಗೆ ಹಳೆ ಹೊಗೆ ಹೋಗುವ ಬಾಗಿಲೂ ತೆರೆದೇ ಇರುತ್ತದೆ. ನುಗ್ಗಿದ್ದರಲ್ಲಿ ಒಂದು ಪಾಲು ಸುಡದೆಯೇ ಹಿಂದಿನ ಬಾಗಿಲಿನಿಂದ ಹೊರಟುಹೋಗುತ್ತದೆ. ಪೆಟ್ರೋಲ್ ಕುಡಿಯುತ್ತದೆ ಎಂಬ ಹುನಗುಂದದ ದೂರು, ಹೊಗೆ ಉಗುಳುತ್ತದೆ ಎಂಬ ದಿಲ್ಲಿಯ ದೂರು, ಎರಡೂ ಬಂದದ್ದು ಈ ಒಂದೇ ಸೋರಿಕೆಯಿಂದ. ಎರಡನ್ನೂ ಬೇರೆ ಬೇರೆ ಕಾರಣಗಳೆಂದು ಪಟ್ಟಿ ಮಾಡುವವರು ಇದನ್ನು ಮರೆಯುತ್ತಾರೆ.

ಪೆಟ್ರೋಲ್ ವಾದ

ಇದರ ಬಲ ಎಲ್ಲರಿಗೂ ಗೊತ್ತಿರುವಂಥದು. 1980ರ ದಶಕದ ಆರಂಭದಲ್ಲಿ ಕೇಂದ್ರ ಸರಕಾರ 100 ಸಿಸಿವರೆಗಿನ ದ್ವಿಚಕ್ರ ವಾಹನಗಳಿಗೆ ವಿದೇಶಿ ಸಹಯೋಗದ ಬಾಗಿಲು ತೆರೆಯಿತು. 1984ರಲ್ಲಿ ಹೊಸೂರಿನಿಂದ ಇಂಡ್–ಸುಜುಕಿ, 1985ರಲ್ಲಿ ಹೀರೋ ಹೋಂಡಾದ ಸಿಡಿ100, ಅದೇ ವರ್ಷದ ಕೊನೆಗೆ ಎಸ್ಕಾರ್ಟ್ಸ್‌ನ ಯಮಹಾ ಆರ್‌ಎಕ್ಸ್100, 1986ರಲ್ಲಿ ಕವಾಸಾಕಿ–ಬಜಾಜ್. ಹೀರೋ ಹೋಂಡಾ ಜಾಹೀರಾತಿನಲ್ಲಿ ಲೀಟರಿಗೆ 80 ಕಿಲೋಮೀಟರ್ ಎಂದು ಸಾರಿತು. ಯೆಜ್ಡಿ ಸವಾರನಿಗೆ ಮೂವತ್ತರ ಆಸುಪಾಸು ಸಿಕ್ಕರೆ ಹಬ್ಬ. ನಮ್ಮ ಕಡೆ ಗಾಡಿ ಕೊಳ್ಳುವ ಮಾತು ಬಂದಾಗ "ಎವರೇಜ್ ಎಷ್ಟು ಕೊಡ್ತೈತಿ?" ಎಂಬ ಪ್ರಶ್ನೆ ಬಣ್ಣಕ್ಕಿಂತ, ಬೆಲೆಗಿಂತ ಮೊದಲು ಬರತೊಡಗಿದ್ದು ಈ ಕಾಲದಲ್ಲೇ. ಈಗಲೂ ಅದು ತನ್ನ ಸ್ಥಾನ ಬಿಟ್ಟುಕೊಟ್ಟಿಲ್ಲ.

ಆದರೆ ಪೆಟ್ರೋಲ್ ವಾದವನ್ನು ಹಾಗೆಯೇ ಒಪ್ಪಿಕೊಳ್ಳಲು ಎರಡು ಅಡ್ಡಿ. 1973ರಲ್ಲೂ 1979ರಲ್ಲೂ ಜಗತ್ತಿನ ಎಣ್ಣೆ ಬೆಲೆ ಆಕಾಶಕ್ಕೇರಿತ್ತು, ಯೆಜ್ಡಿಗೆ ಆಗ ಏನೂ ಆಗಲಿಲ್ಲ. ರೋಡ್‌ಕಿಂಗ್ ಬಂದದ್ದೇ ಆ ಎರಡು ಆಘಾತಗಳ ನಡುವೆ. ಅಂದರೆ ಗಿರಾಕಿಯನ್ನು ಓಡಿಸಿದ್ದು ಪೆಟ್ರೋಲಿನ ದರಕ್ಕಿಂತ, ಪಕ್ಕದ ಅಂಗಡಿಯಲ್ಲಿ ಬೇರೆ ಗಾಡಿ ಸಿಗತೊಡಗಿದ್ದು. ಎರಡನೆಯ ಅಡ್ಡಿ ಆರ್‌ಎಕ್ಸ್100. ಅದೂ ಎರಡು ಹೊಡೆತದ ಗಾಡಿಯೇ, ಅದಕ್ಕೂ ಎಣ್ಣೆ ಬೇಕು. ಹೋಂಡಾದಷ್ಟು ಮಿತವ್ಯಯಿಯಂತೂ ಅಲ್ಲ. ಆದರೂ ಹುಡುಗರು ಅದಕ್ಕೆ ಮುಗಿಬಿದ್ದರು. ಅದರ 98 ಸಿಸಿಯ ಪುಟ್ಟ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಮೈಸೂರಿನಲ್ಲಿ ಮೊದಲು ತಯಾರಾದ 250 ಸಿಸಿಯ ಜಾವಾದ ಶಕ್ತಿ 12. ಎರಡೂವರೆ ಪಟ್ಟು ದೊಡ್ಡ ಹೊಟ್ಟೆ, ಕೆಲಸ ಹೆಚ್ಚು ಕಡಿಮೆ ಅಷ್ಟೇ. ಸೋತದ್ದು ಎರಡು ಹೊಡೆತವೆಂಬ ತತ್ತ್ವ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಇಪ್ಪತ್ತು ವರ್ಷ ಹಿಂದಿನ ಎರಡು ಹೊಡೆತ ಸೋತಿತು.

ಲೈಸೆನ್ಸ್ ವಾದ

ಹಾಗಾದರೆ ಇಪ್ಪತ್ತು ವರ್ಷ ಹಿಂದೆ ಉಳಿದದ್ದು ಯಾಕೆ? ಇಲ್ಲಿಂದ ಎರಡನೇ ಪ್ರಶ್ನೆ ಶುರು. 1951ರ ಕೈಗಾರಿಕಾ ಕಾಯ್ದೆಯ ಕೆಳಗೆ ಎಷ್ಟು ಗಾಡಿ ತಯಾರಿಸಬೇಕು, ಯಾವುದು ತಯಾರಿಸಬೇಕು ಎಂಬುದಕ್ಕೂ ದಿಲ್ಲಿಯ ಅಪ್ಪಣೆ ಬೇಕಿತ್ತು. ಹೊಸ ಯಂತ್ರ ತರಿಸಲು ವಿದೇಶಿ ವಿನಿಮಯದ ಪರವಾನಗಿ ಬೇರೆ. 1969ರಲ್ಲಿ ಏಕಸ್ವಾಮ್ಯ ಕಾಯ್ದೆ, 1973ರಲ್ಲಿ ವಿದೇಶಿ ವಿನಿಮಯ ಕಾಯ್ದೆ ಬಂದು ಕುಣಿಕೆ ಇನ್ನಷ್ಟು ಬಿಗಿಯಾಯಿತು. ತಯಾರಾದದ್ದೆಲ್ಲ ಮಾರಾಟವಾಗುವ, ಪೈಪೋಟಿಗೆ ಯಾರೂ ಬರಲಾಗದ ಇಂಥ ಮಾರುಕಟ್ಟೆಯಲ್ಲಿ ಹೊಸ ಎಂಜಿನ್ ಕಟ್ಟುವ ಹುಚ್ಚು ಯಾರಿಗಿದೆ ಎಂಬುದು ಈ ಪಂಥದ ಮಾತು.

ಇದು ಬಹಳಷ್ಟನ್ನು ವಿವರಿಸುತ್ತದೆ. ಚೆಕ್ ಕಂಪನಿ ತನ್ನ ಊರಿನಲ್ಲಿ ಮಾದರಿಗಳನ್ನು ಬದಲಿಸುತ್ತ ಹೋದರೂ ಮೈಸೂರಿನಲ್ಲಿ ಹಳೆಯ ಅಚ್ಚಿನಿಂದಲೇ ಗಾಡಿ ಬರುತ್ತಿದ್ದುದನ್ನು, ಹೆಸರು ಬದಲಾದರೂ ಒಡಲು ಬದಲಾಗದ್ದನ್ನು ಅರ್ಥ ಮಾಡಿಸುತ್ತದೆ. ಆದರೆ ಅದೇ ಎರೆಯಲ್ಲಿ ಒಬ್ಬನ ಜೋಳ ಬೆಳೆದು ಇನ್ನೊಬ್ಬನದು ಒಣಗಿದರೆ ಭೂಮಿಯನ್ನೊಂದೇ ದೂರಲಾಗದು. ಬಜಾಜ್ ಕೂಡ ಲೈಸೆನ್ಸಿನ ಕೂಸು. ಹೀರೋದವರು ಸೈಕಲ್ ಮಾಡುತ್ತಿದ್ದವರು, ಟಿವಿಎಸ್‌ನವರ ಕೈಯಲ್ಲಿ ಇದ್ದದ್ದು ಮೊಪೆಡ್ಡು. ಬಾಗಿಲು ತೆರೆದಾಗ ಅವರು ಜಪಾನಿನವರ ಕೈ ಹಿಡಿದರು. ಇಲ್ಲೊಂದು ಸರಳ ಲೆಕ್ಕವಿದೆ, ಇದನ್ನು ಯಾರೂ ಒತ್ತಿ ಹೇಳುವುದಿಲ್ಲ: ಜಪಾನಿನಲ್ಲಿ ದೊಡ್ಡ ಮೋಟಾರ್‌ಸೈಕಲ್ ಕಂಪನಿಗಳು ಇದ್ದದ್ದು ನಾಲ್ಕೇ. ಹೋಂಡಾ ಹೀರೋಗೆ ಮತ್ತು ಕೈನೆಟಿಕ್‌ಗೆ, ಸುಜುಕಿ ಟಿವಿಎಸ್‌ಗೆ, ಯಮಹಾ ಎಸ್ಕಾರ್ಟ್ಸ್‌ಗೆ, ಕವಾಸಾಕಿ ಬಜಾಜ್‌ಗೆ. 1986ರ ಹೊತ್ತಿಗೆ ಗಂಡುಗಳೆಲ್ಲ ಗೊತ್ತಾಗಿ ಹೋಗಿದ್ದವು. ಹಳೆಯ ಮೋಟಾರ್‌ಸೈಕಲ್ ಮೂವರಲ್ಲಿ ಎಸ್ಕಾರ್ಟ್ಸ್ ಒಂದನ್ನು ಬಿಟ್ಟು ಉಳಿದ ಇಬ್ಬರೂ, ಎನ್‌ಫೀಲ್ಡ್ ಮತ್ತು ಐಡಿಯಲ್ ಜಾವಾ, ಚಪ್ಪರದ ಹೊರಗೆ ಉಳಿದರು. ಎನ್‌ಫೀಲ್ಡ್ ಜರ್ಮನಿಯ ಝುಂಡಾಪ್ ತಂತ್ರಜ್ಞಾನ ತಂದು ಸಣ್ಣ ಗಾಡಿ ಮಾಡಿ ನೋಡಿತು, ಅದೂ ನಡೆಯಲಿಲ್ಲ. ಮೈಸೂರಿನ 60 ಸಿಸಿ ಗಾಡಿಯೂ ಜಪಾನಿನ ಅಲೆಗೆ ಉತ್ತರವಾಗಲಿಲ್ಲ.

ಹೊಗೆ ನಿಯಮ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ರೋಲ್ ವಾಹನಗಳಿಗೆ ದೇಶದಲ್ಲಿ ಹೊಗೆಯ ಮಿತಿ ಬಂದದ್ದು 1991ರಲ್ಲಿ, ಬಿಗಿಯಾದದ್ದು 1996ರಲ್ಲಿ, ಮತ್ತೆ 2000ದಲ್ಲಿ. ಯೆಜ್ಡಿ ನಿಂತದ್ದೂ 1996ರಲ್ಲೇ. ಹಾಗಾಗಿ ಎರಡಕ್ಕೂ ಗಂಟು ಹಾಕುವುದು ಸಹಜ. ಅದೇ ವರ್ಷ ಆರ್‌ಎಕ್ಸ್100 ಕೂಡ ನಿಂತಿತು ಎಂಬುದನ್ನು ಈ ಪಂಥದವರು ಉತ್ಸಾಹದಿಂದ ಎತ್ತಿ ತೋರಿಸುತ್ತಾರೆ. ಆದರೆ ಯಮಹಾ ಅದರ ಜಾಗಕ್ಕೆ 135 ಸಿಸಿಯ ಎರಡು ಹೊಡೆತದ ಗಾಡಿಯನ್ನೇ ಮುಂದುವರಿಸಿತು ಎಂಬುದನ್ನು ಹೇಳುವುದಿಲ್ಲ. ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಸಾಧನ ಕೂರಿಸಿಕೊಂಡು ಎರಡು ಹೊಡೆತದ ಗಾಡಿಗಳು 2000ದ ನಂತರವೂ ಓಡಿದವು. ನಿಯಮ ಕೊಂದದ್ದಲ್ಲ, ಮೊದಲೇ ಹಾಸಿಗೆ ಹಿಡಿದಿದ್ದವನಿಗೆ ಬಂದ ಕೊನೆಯ ಜ್ವರ ಅದು.

ಗೇಟಿನ ಒಳಗಿನ ಜಗಳ

ಮೈಸೂರಿನಲ್ಲಿ ಕೇಳಿಬರುವ ವಿವರಣೆಗೆ ಎರಡು ಮುಖ. ಆಡಳಿತದ ಕಡೆಯವರ ಪ್ರಕಾರ ಮುಷ್ಕರ, ಕೂಲಿ, ಶಿಸ್ತಿಲ್ಲದ ಯೂನಿಯನ್ನು ಕಂಪನಿಯನ್ನು ನುಂಗಿದವು. ಕಾರ್ಮಿಕರ ಕಡೆಯವರ ಪ್ರಕಾರ ಮಾಲೀಕರು ಲಾಭ ಬಂದಾಗ ಹೊಸ ಯಂತ್ರಕ್ಕೆ ಹಾಕಲಿಲ್ಲ, ನಷ್ಟ ಬಂದಾಗ ಕೈ ತೊಳೆದುಕೊಂಡರು. ಇಬ್ಬರೂ ತಮ್ಮ ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ.

ಕಾರ್ಮಿಕ ಕಲಹವೇ ಕಾರಣ ಎಂಬ ಮಾತನ್ನು ಅಳೆಯಲು ಬೆಂಗಳೂರಿನಲ್ಲೊಂದು ಅಳತೆಗೋಲಿದೆ. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಎಚ್‌ಎಎಲ್, ಬಿಇಎಲ್, ಐಟಿಐ, ಬಿಇಎಂಎಲ್, ಎಚ್‌ಎಂಟಿಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ದೇಶದ ಕಾರ್ಮಿಕ ಚರಿತ್ರೆಯಲ್ಲೇ ದೊಡ್ಡ ಮುಷ್ಕರಗಳಲ್ಲಿ ಅದೊಂದು. ಎಚ್‌ಎಂಟಿ ಅದರಿಂದ ಸಾಯಲಿಲ್ಲ. ಮುಂದಿನ ಕೆಲ ವರ್ಷ ಮದುವೆ ಮನೆಯ ಗಡಿಯಾರವೆಂದರೆ ಎಚ್‌ಎಂಟಿಯೇ. ಅದರ ಇಳಿಗಾಲ ಶುರುವಾದದ್ದು 1987ರಲ್ಲಿ ಟೈಟಾನ್ ಮಾರುಕಟ್ಟೆಗೆ ಇಳಿದ ಮೇಲೆ. ಬೆಳೆಯುತ್ತಿರುವ ಕಂಪನಿ ಮುಷ್ಕರವನ್ನು ಅರಗಿಸಿಕೊಳ್ಳುತ್ತದೆ. ಕುಗ್ಗುತ್ತಿರುವ ಕಡೆ ಮೊದಲು ಓವರ್‌ಟೈಮ್ ಹೋಗುತ್ತದೆ, ಆಮೇಲೆ ಬೋನಸ್, ಆಮೇಲೆ ಹೊತ್ತಿಗೆ ಸರಿಯಾಗಿ ಪಗಾರ. ಆಗ ಗೇಟಿನಲ್ಲಿ ಕೂಗು ಏಳದಿದ್ದರೆ ಅದೇ ಆಶ್ಚರ್ಯ. ಹಾಗಾಗಿ ಕಲಹವನ್ನು ಕಾರಣದ ಪಟ್ಟಿಯಲ್ಲಿ ಬರೆಯಬೇಕೋ ಪರಿಣಾಮದ ಪಟ್ಟಿಯಲ್ಲೋ ಎಂಬುದು ಕಣ್ಣು ಮುಚ್ಚಿ ಹೇಳುವ ಮಾತಲ್ಲ. ನನ್ನ ಒಲವು ಎರಡನೆಯದರ ಕಡೆ.

ಎಚ್‌ಎಂಟಿ ಸರಕಾರದ್ದು, ಐಡಿಯಲ್ ಜಾವಾ ಮನೆತನದ್ದು. ಕೈಗಡಿಯಾರವೂ ಗಾಡಿಯೂ ತಯಾರಾಗತೊಡಗಿದ ವರ್ಷ ಒಂದೇ, ಇಬ್ಬರನ್ನೂ ಮಣಿಸಿದವರಲ್ಲಿ ಒಬ್ಬೊಬ್ಬರು ಕುಳಿತದ್ದು ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್ ದೂರದ, ರಾಜ್ಯದ ಗಡಿಯಾಚೆಯ ಹೊಸೂರಿನಲ್ಲಿ. ಟೈಟಾನ್ ಅಲ್ಲಿ, ಟಿವಿಎಸ್–ಸುಜುಕಿ ಅಲ್ಲಿ. ಸರಕಾರಿ ಆದದ್ದಕ್ಕೆ ಸತ್ತಿತು, ಖಾಸಗಿ ಆಗಿದ್ದರೆ ಉಳಿಯುತ್ತಿತ್ತು ಎನ್ನುವವರಿಗೆ ಈ ಜೋಡಿ ಬಾಯಿ ಕಟ್ಟುತ್ತದೆ. ತಮಿಳುನಾಡು ಹೊಸೂರಿನಲ್ಲಿ ಕೈಗಾರಿಕಾ ವಸಾಹತು ಬೆಳೆಸುತ್ತಿದ್ದಾಗ ನಮ್ಮ ರಾಜ್ಯ ಏನು ಮಾಡುತ್ತಿತ್ತು ಎಂದು ಕೇಳುವವರು ಕಡಿಮೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಬುಲೆಟ್ ಎಂಬ ಒರೆಗಲ್ಲು

ಯೆಜ್ಡಿಯ ಸಾವನ್ನು ವಿವರಿಸುವ ಯಾವ ವಾದವೂ ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕು: ಬುಲೆಟ್ ಹೇಗೆ ಬದುಕಿತು? ಅದೂ ಹಳೆಯ ವಿದೇಶಿ ಅಚ್ಚಿನ ಗಾಡಿ. ಅದೂ ಪೆಟ್ರೋಲ್ ಕುಡಿಯುವುದರಲ್ಲಿ ಹಿಂದೆ ಬಿದ್ದದ್ದಲ್ಲ. ಜಪಾನಿನ ಸಂಬಂಧ ಅದಕ್ಕೂ ಕೂಡಿಬರಲಿಲ್ಲ, ಲೈಸೆನ್ಸ್ ಕಾಲ ಅದಕ್ಕೂ ಒಂದೇ.

ಮೂರು ವ್ಯತ್ಯಾಸ ಕಾಣುತ್ತವೆ. ಅದು ನಾಲ್ಕು ಹೊಡೆತದ ಎಂಜಿನ್, ಹೊಗೆಯ ತಕರಾರು ಕಡಿಮೆ. 1950ರ ದಶಕದಿಂದಲೂ ಸೇನೆ, ಪೊಲೀಸು ಕೊಳ್ಳುತ್ತಿದ್ದದ್ದರಿಂದ ಮನೆ ಖರ್ಚಿಗೆ ಒಂದು ಗಟ್ಟಿ ಆಸರೆ ಇತ್ತು. ಇವೆರಡಕ್ಕಿಂತ ಮುಖ್ಯ ಮೂರನೆಯದು ಎಂದು ನನಗನ್ನಿಸುತ್ತದೆ: 1990ರಲ್ಲಿ ಟ್ರ್ಯಾಕ್ಟರ್, ಟ್ರಕ್ ಮಾಡುತ್ತಿದ್ದ ಐಷರ್ ಅದರಲ್ಲಿ ಪಾಲು ತೆಗೆದುಕೊಂಡಿತು, 1994ರಲ್ಲಿ ಪೂರ್ತಿ ತನ್ನದಾಗಿಸಿಕೊಂಡಿತು. ಹಾಗೆ ಬಂದ ಮೇಲೂ ಎನ್‌ಫೀಲ್ಡ್ ಚಿಗುರಲಿಲ್ಲ. 2000ದ ಹೊತ್ತಿಗೆ ಐಷರ್ ಒಳಗೇ ಅದನ್ನು ಮುಚ್ಚುವ ಅಥವಾ ಮಾರುವ ಮಾತು ನಡೆದಿತ್ತು. ಐಷರ್ ಮನೆತನದ ಯುವಕ ಸಿದ್ಧಾರ್ಥ ಲಾಲ್ ಒಂದು ಅವಕಾಶ ಕೇಳಿ ಅದನ್ನು ವಹಿಸಿಕೊಂಡರು. ಇವತ್ತು ಇಳಕಲ್ ಬಸ್‌ಸ್ಟ್ಯಾಂಡಿನ ಮುಂದೆ ನಿಂತರೆ ಅದರ ಫಲ ಕಿವಿಗೇ ಕೇಳುತ್ತದೆ.

ಎಂದರೆ ಗೆದ್ದ ಬುಲೆಟ್ಟಿಗೂ ಸೋತ ಯೆಜ್ಡಿಗೂ ನಡುವೆ ಇದ್ದದ್ದು ಕೆಲವೇ ವರ್ಷ, ನಷ್ಟವನ್ನು ತಾಳಿಕೊಳ್ಳುವ ಒಂದು ದೊಡ್ಡ ಕಿಸೆ. ವಿಪರ್ಯಾಸ ಇನ್ನೊಂದಿದೆ. ಸ್ಕೂಟರುಗಳನ್ನು ಹಿಂದಿಕ್ಕಿ ಮೋಟಾರ್‌ಸೈಕಲ್ ದೇಶದ ಮೊದಲ ಆಯ್ಕೆಯಾದದ್ದು 1990ರ ದಶಕದ ಕೊನೆಗೆ. ಯಾದವಗಿರಿಯ ಗೇಟು ಮುಚ್ಚಿದ್ದು ಸುಗ್ಗಿ ಇನ್ನೇನು ಕಣಕ್ಕೆ ಬರುವ ಹೊತ್ತಿಗೆ.

ದೂರದ ಊರುಗಳ ಸಾಕ್ಷಿ

ಇಂಥ ತಕರಾರು ನಮ್ಮಲ್ಲಷ್ಟೇ ಇಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ 1852ರಿಂದ ಕುದುರೆಗಾಡಿ ಮಾಡುತ್ತಿದ್ದ ಸ್ಟುಡಿಬೇಕರ್ ಮನೆತನ ಮುಂದೆ ಕಾರಿಗೆ ಇಳಿದು ದೊಡ್ಡ ಹೆಸರು ಮಾಡಿತು. 1950ರ ದಶಕದ ಆರಂಭದಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಬೆಲೆ ಸಮರಕ್ಕೆ ಇಳಿದಾಗ ನಡುವೆ ಸಿಕ್ಕಿ ನುಗ್ಗಾಯಿತು. 1954ರಲ್ಲಿ ಪ್ಯಾಕಾರ್ಡ್ ಎಂಬ ಇನ್ನೊಂದು ಹಳೆ ಶ್ರೀಮಂತ ಕಂಪನಿಯ ಜೊತೆ ಸೇರಿಕೊಂಡಿತು, ಅಂದರೆ ಮುಳುಗುತ್ತಿದ್ದ ಇಬ್ಬರು ಪರಸ್ಪರ ಕೊರಳು ತಬ್ಬಿಕೊಂಡರು. ಪ್ಯಾಕಾರ್ಡ್ ಹೆಸರು 1958ಕ್ಕೆ ಅಳಿಯಿತು, ಸೌತ್ ಬೆಂಡ್ ಕಾರ್ಖಾನೆ 1963ರ ಡಿಸೆಂಬರಿನಲ್ಲಿ ಮುಚ್ಚಿತು, ಕೆನಡಾದಲ್ಲಿ ಉಳಿದ ಘಟಕ 1966ರಲ್ಲಿ. ಅಲ್ಲಿಯೂ ವಾದ ಇವೇ: ಕೂಲಿ ಹೆಚ್ಚಾಯಿತು ಎನ್ನುವವರು, ಹೊಸ ಯಂತ್ರಕ್ಕೆ ಹಾಕಬೇಕಾದ ಹಣ ಷೇರುದಾರರ ಕೈಗೆ ಹೋಯಿತು ಎನ್ನುವವರು, ದೈತ್ಯರ ನಡುವೆ ಸಣ್ಣವರು ಉಳಿಯುವುದೇ ಇಲ್ಲ ಎನ್ನುವವರು. ಮುಷ್ಕರ ತಪ್ಪಿಸಲು ಸ್ಟುಡಿಬೇಕರ್ ದಶಕಗಳ ಕಾಲ ಧಾರಾಳ ಕೂಲಿ ಕೊಟ್ಟಿತ್ತು ಎಂಬುದು, ಕಾರ್ಮಿಕರನ್ನು ಓಲೈಸಿದ ಕಾರ್ಖಾನೆಯೂ ಮುಳುಗಬಲ್ಲದು ಎಂಬುದಕ್ಕೆ ಸಾಕ್ಷಿ.

ಇನ್ನೊಂದು ಸಾಕ್ಷಿ ಜಾವಾದ ತವರೇ. ಅಲ್ಲಿ ನಮ್ಮ ಲೈಸೆನ್ಸ್ ಇರಲಿಲ್ಲ, ನಮ್ಮ ಯೂನಿಯನ್ ಇರಲಿಲ್ಲ, ಹೀರೋ ಹೋಂಡಾ ಇರಲಿಲ್ಲ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದು ಮಾರುಕಟ್ಟೆ ತೆರೆದುಕೊಂಡದ್ದೇ ತಡ, ಒಂದು ಕಾಲಕ್ಕೆ ಜಗತ್ತಿಗೆಲ್ಲ ಗಾಡಿ ಕಳಿಸುತ್ತಿದ್ದ ಕಂಪನಿ ಕುಗ್ಗಿ ಸಣ್ಣದೊಂದು ಘಟಕವಾಗಿ ಉಳಿಯಿತು. ತಾಯಿ ಮಗಳು ಇಬ್ಬರೂ ಒಂದೇ ದಶಕದಲ್ಲಿ ಬಿದ್ದದ್ದನ್ನು ನೋಡಿದರೆ, ಮೈಸೂರಿನ ಕಥೆಯನ್ನು ಮೈಸೂರಿನೊಳಗಷ್ಟೇ ಹುಡುಕುವುದು ಸಾಲದು ಅನ್ನಿಸುತ್ತದೆ. ಕಾವಲಿನ ಮಾರುಕಟ್ಟೆಯಲ್ಲಿ ಬೆಳೆದದ್ದು ಇಬ್ಬರಿಗೂ ಸಮಾನ.

ಮರಳಿ ಬಂದ ಹೆಸರು

2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಮತ್ತೆ ಬಂದವು. ತಂದದ್ದು ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ. ಅದರಲ್ಲಿ ದೊಡ್ಡ ಪಾಲು ಮಹೀಂದ್ರಾದ್ದು, ಜೊತೆಗೆ ಅನುಪಮ್ ಥರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ ನಾಲ್ಕು ಹೊಡೆತದ್ದು, ನೀರಿನಿಂದ ತಂಪಾಗುವಂಥದು. ಹಳೆಯದರ ಒಂದು ಬೋಲ್ಟೂ ಇದಕ್ಕೆ ಕೂರುವುದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರದ ಜಾವಾ ದಿನಕ್ಕೆ ಸೇರುವ ಹವ್ಯಾಸಿಗಳಲ್ಲಿ ಹಳೆಯವರು ಹೊಸದನ್ನು ಕಂಡು ಮೂಗು ಮುರಿಯುತ್ತಾರೆ. ಹುಡುಗರು ಟ್ಯಾಂಕಿನ ಮೇಲಿನ ಅಕ್ಷರ ನೋಡಿ ಕೊಳ್ಳುತ್ತಾರೆ. ಇಳಕಲ್ಲಿನ ಮಿಸ್ತ್ರಿಯ ತೀರ್ಪು ಬೇರೆ: "ಹೊಸಾದು ಛಲೋ ಐತ್ರಿ, ಆದ್ರ ನಾ ಬಿಚ್ಚೂದಲ್ಲ." ಕಂಪ್ಯೂಟರ್ ಜೋಡಿಸದೆ ಅದರ ದೋಷ ಗೊತ್ತಾಗುವುದಿಲ್ಲ ಎಂಬುದು ಅವರ ಆಕ್ಷೇಪ.

ತೀರದೆ ಉಳಿದವು

ನಾಲ್ಕು ಹೊಡೆತದ ಎಂಜಿನ್ ಒಂದನ್ನು 1985ರ ಸುಮಾರಿಗೆ ತಂದಿದ್ದರೆ ಕಂಪನಿ ಉಳಿಯುತ್ತಿತ್ತೇ? ಹೌದು ಎನ್ನುವವರು ಬುಲೆಟ್ಟನ್ನು ತೋರಿಸುತ್ತಾರೆ. ಅದೇ ಬುಲೆಟ್ ನಾಲ್ಕು ಹೊಡೆತ ಇದ್ದೂ 2000ದಲ್ಲಿ ಮುಚ್ಚುವ ಅಂಚಿಗೆ ಬಂದಿತ್ತು ಎಂಬುದು ಅವರಿಗೆ ಉತ್ತರ. ಹೊರಗಿನ ಬಂಡವಾಳವನ್ನು ಒಳಗೆ ಬಿಟ್ಟುಕೊಂಡಿದ್ದರೆ ಮನೆತನದ ಕೈ ಸಡಿಲವಾಗಿ ಕಾರ್ಖಾನೆ ಉಳಿಯುತ್ತಿತ್ತೇ ಎಂಬುದು ಇನ್ನೊಂದು. ಊರು ಬೆಳೆದು ಬಂದು ಕಾರ್ಖಾನೆಯನ್ನು ಸುತ್ತುವರಿದ ಮೇಲೆ ಯಾದವಗಿರಿಯ ನೆಲದ ಬೆಲೆ ಅದರೊಳಗಿನ ಯಂತ್ರಗಳ ಬೆಲೆಯನ್ನು ಮೀರಿದ್ದು, ಉಳಿಸಿಕೊಳ್ಳುವ ಹಟವನ್ನು ಎಷ್ಟು ಸಡಿಲಿಸಿತು? ಮುಂಬಯಿಯ ಗಿರಣಿಗಳ ವಿಷಯದಲ್ಲಿ ಇದೇ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು, ಮೈಸೂರಿನ ವಿಷಯದಲ್ಲಿ ಅಷ್ಟಾಗಿ ಏಳಲಿಲ್ಲ.

ಎಲ್ಲಕ್ಕಿಂತ ಜಟಿಲವಾದದ್ದು ಹೆಸರಿನ ಒಡೆತನ. ಕಂಪನಿ ಸಮಾಪನೆಗೆ ಹೋಗಿ ಹೈಕೋರ್ಟಿನ ಲಿಕ್ವಿಡೇಟರ್ ಕೈಗೆ ಬಂದ ಮೇಲೆ ಅದರ ಆಸ್ತಿಯೆಲ್ಲ ಸಾಲಗಾರರಿಗೆ, ಕಾರ್ಮಿಕರಿಗೆ ಸೇರಬೇಕಾದದ್ದು. 'ಯೆಜ್ಡಿ' ಎಂಬ ಹೆಸರೂ ಆ ಆಸ್ತಿಯಲ್ಲಿ ಸೇರುತ್ತದೆ ಎಂದು 2022ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಬೊಮನ್ ಇರಾನಿ ಮತ್ತು ಕ್ಲಾಸಿಕ್ ಲೆಜೆಂಡ್ಸ್ ಮೇಲ್ಮನವಿ ಹೂಡಿದರು. ನ್ಯಾಯಾಲಯದ ಮುಂದಿದ್ದ ತಕರಾರು, 1996ರಿಂದ ಯಾರೂ ಬಳಸದೆ ಬಿಟ್ಟಿದ್ದ ಹೆಸರು ಬಿಟ್ಟವರದ್ದೇ ಆಗಿ ಉಳಿಯುತ್ತದೆಯೇ ಎಂಬುದು. ಕೋರ್ಟು ಕಾನೂನಿನ ಪ್ರಕಾರ ಅದನ್ನು ಯಾವ ಕಡೆ ತೀರಿಸಿದರೂ, ಲೆಕ್ಕದ ಪ್ರಶ್ನೆಯೊಂದು ಆಚೆ ಉಳಿಯುತ್ತದೆ. ಸ್ಟುಡಿಬೇಕರ್ ಮುಚ್ಚಿದಾಗ ಸಾವಿರಾರು ಕಾರ್ಮಿಕರ ಪಿಂಚಣಿ ಮುಳುಗಿತು. ಆ ಗದ್ದಲದ ನೆನಪು 1974ರಲ್ಲಿ ಅಮೆರಿಕದಲ್ಲಿ ಪಿಂಚಣಿ ರಕ್ಷಣೆಯ ಕಾಯ್ದೆ ಬರುವುದಕ್ಕೆ ಒಂದು ಕಾರಣವಾಯಿತು. ನಮ್ಮ ಕಂಪನಿ ಕಾಯ್ದೆ ಕಾರ್ಮಿಕರ ಬಾಕಿಯನ್ನು ಬ್ಯಾಂಕುಗಳ ಸಾಲದ ಸಮಕ್ಕೆ ನಿಲ್ಲಿಸುತ್ತದೆ, ಆದರೆ ಆ ಬಾಕಿ ಅಳೆಯುವುದು ನೆಲ, ಯಂತ್ರ, ತಗಡಿನ ಬೆಲೆಯಲ್ಲಿ. ಇಪ್ಪತ್ತಾರು ವರ್ಷದ ನಂತರವೂ ಗಿರಾಕಿಯನ್ನು ಶೋರೂಮಿಗೆ ಎಳೆದು ತರುವಷ್ಟು ಬೆಲೆ ಆ ಹೆಸರಿಗೆ ಬಂದದ್ದು ಯಾದವಗಿರಿಯ ಲೇತಿನ ಮುಂದೆ ನಿಂತವರಿಂದ ಎಷ್ಟು, ಬಂಡವಾಳ ಹಾಕಿದವರಿಂದ ಎಷ್ಟು, ಗೇಟು ಮುಚ್ಚಿದ ಮೇಲೂ ಬಿಡಿಭಾಗ ಹುಡುಕಿ ಹುಡುಕಿ ಗಾಡಿಯನ್ನು ರಸ್ತೆಯ ಮೇಲೆ ಉಳಿಸಿದ ಮಿಸ್ತ್ರಿ ಮತ್ತು ಸವಾರರಿಂದ ಎಷ್ಟು? ಇದನ್ನು ಹಂಚಿ ಕೊಡುವ ವಿಧಾನ ಯಾವ ಕಾಯ್ದೆಯಲ್ಲೂ ಇನ್ನೂ ಬರೆದಿಲ್ಲ.